ಎಪಿಸೆಂಟರ್ ಎಂದು ಬರೆದ ಕಾಗದ

ಫೆಬ್ರುವರಿ ೩, ಸಂಜೆ

ಇವತ್ತೂ ಫಸ್ಟ್ ಶಿಫ್ಟ್. ಮಷಿನ್‌ಗೆ ಹಾಕುವ ಲೋಹದ ಬುಷ್ ನಾನ್ನೂರು ಚೆಕ್ ಮಾಡಿದೆ, ಏಳು ರಿಜೆಕ್ಟ್. ಸ್ಟೋರ್ಸ್ ಕಡೆ ನೋಡಲಿಲ್ಲ. ತಮ್ಮ ಮುತ್ತು ಅಲ್ಲಿ ರ‍್ಯಾಕ್ ಬಿದ್ದು ಸತ್ತು ಹನ್ನೆರಡು ದಿನ. ಅವತ್ತು ಬೆಳಗ್ಗೆ ಭೂಮಿ ಸಣ್ಣಗೆ ನಡುಗಿತ್ತು. ಪೀಣ್ಯದಲ್ಲಿ ಬೇರೆ ಏನೂ ಬೀಳಲಿಲ್ಲ.

ಸೂಪರ್‌ವೈಸರ್ ಕೊಟ್ರೇಶ್ ಒಂದು ಟೈಪ್ ಮಾಡಿದ ಕಾಗದ ಕೊಟ್ಟರು.

"ಸೈನ್ ಹಾಕಮ್ಮ ಮಹಾನಂದಾ. ಶುಕ್ರವಾರ ಫ್ಯಾಕ್ಟರಿ ಇನ್‌ಸ್ಪೆಕ್ಟರ್ ಬರ್ತಾರೆ. ಯಾರ ತಪ್ಪೂ ಇಲ್ಲ ಬಿಡು, ಭೂಮಿದು."

ಸಾವಿಗೆ ಭೂಕಂಪವೇ ಕಾರಣ, ಎಪಿಸೆಂಟರ್ ಎಂಬತ್ತು ಕಿಲೋಮೀಟರ್ ದೂರ — ಎಂದಿದೆ. ಆ ಪದ ಗೊತ್ತಿಲ್ಲ. ಮಡಚಿ ಬ್ಯಾಗಿಗೆ ಹಾಕಿಕೊಂಡೆ.

ಫೆಬ್ರುವರಿ ೪

ಕೆಳಗಿನ ಮನೆಯ ಪದ್ಮಾವತಿ ಮೇಡಂ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾರೆ. ಅವರೆಕಾಯಿ ಸುಲಿಯುತ್ತಿದ್ದರು. ಕೇಳಿದೆ.

"ಗ್ರೀಕ್ ಮಾತು ಕಣ್ರೀ. ಎಪಿ ಅಂದ್ರೆ ಮೇಲೆ. ಕೆಂಟ್ರಾನ್ ಅಂದ್ರೆ ಮೊನೆ... ಎತ್ತು ತಿವಿಯೋ ಕೋಲಿಂದು, ಕೈವಾರದ್ದು. ನಮ್ಮ ಕೇಂದ್ರ ಅನ್ನೋದೂ ಅಲ್ಲಿಂದಾನೇ ಬಂದಿದ್ದು."

"ಅಂದ್ರ ಭೂಮಿ ಒಡದದ್ದು ಅಲ್ಲೇನ್ರಿ?"

"ಇಲ್ಲ. ಒಡೆಯೋದು ಎಷ್ಟೋ ಆಳದಲ್ಲಿ. ಅದಕ್ಕೆ ನೇರ ಮೇಲೆ, ನೆಲದ ಮೇಲಿರೋ ಜಾಗಕ್ಕೆ ಆ ಹೆಸರು. ಯಾಕ್ರೀ, ಮುಖ ಹಂಗಾಯ್ತು?"

ಏನಿಲ್ಲ ಅಂದೆ. ಅವರ ಜೊತೆ ಕೂತು ಕಾಯಿ ಸುಲಿದೆ.

ಫೆಬ್ರುವರಿ ೫

ಸೈನ್ ಹಾಕದೆ ವಾಪಸ್ ಕೊಟ್ಟೆ.

"ಸಾರ್, ಮ್ಯಾಲಿಂದು ಅಷ್ಟ ಬರದೀರಿ. ಬುಡದಾಗಿಂದು ಎಲ್ಲೈತ್ರಿ? ರ‍್ಯಾಕಿಗೆ ಬೋಲ್ಟ ಇರಲಿಲ್ಲ."

ಕೊಟ್ರೇಶ್ ಸುತ್ತ ನೋಡಿ ದನಿ ತಗ್ಗಿಸಿದರು.

"ಭಾರಿ ಇಂಜಿನಿಯರ್ ಆಗ್ಬಿಟ್ಟೆ! ಬಿಚ್ಚಿದ್ದು ಯಾರು ಅಂತ ಕೇಳಿದ್ರೆ? ಕೇಸ್ ನಿನ್ನ ಮೇಲೂ ಬರುತ್ತೆ, ನೆನಪಿರ್ಲಿ."

ಆಡಿಟ್ ಬಂದಾಗಲೆಲ್ಲ ಹೀಗೆ. ನಡುವಿನ ದಾರಿ ಅಗಲ ಕಾಣಲೆಂದು ರ‍್ಯಾಕ್‌ಗಳ ಬೋಲ್ಟ್ ಬಿಚ್ಚಿ ಗೋಡೆಗೆ ತಳ್ಳುತ್ತೇವೆ. ಆಡಿಟರ್ ಹೋದ ಮೇಲೆ ಮತ್ತೆ ಎಳೆದು ನೆಲಕ್ಕೆ ಬಿಗಿಯುತ್ತೇವೆ. ಈ ಸಲ ಎಳೆದೆವು. ಬಿಗಿಯಲಿಲ್ಲ... ಬಸ್ಸಿಗೆ ಹೊತ್ತಾಗಿತ್ತು.



ಫೆಬ್ರುವರಿ ೬, ಬೆಳಗ್ಗೆ ಆರು

ಇನ್‌ಸ್ಪೆಕ್ಟರ್ ಹತ್ತಕ್ಕೆ. ಅವರಿಗೆ ಕೊಡುವುದನ್ನು ಮೊದಲು ಇಲ್ಲಿ ಬರೆದು ನೋಡುತ್ತೇನೆ.

ಜನವರಿ ಇಪ್ಪತ್ತೊಂದರ ಸಂಜೆ ಆಡಿಟ್ ಮುಗಿಯಿತು. ಮರುದಿನ ಬಿದ್ದ ಮೂರನೇ ರ‍್ಯಾಕನ್ನು ಅದರ ಜಾಗಕ್ಕೆ ತಂದೆವು. ನಾಳೆ ಬಿಗಿದರಾಯ್ತು ಎಂದು ಕೊಟ್ರೇಶ್ ಸಾರ್ ಹೇಳಿದರು. ಈಗಲೇ ಬಿಗಿಯೋಣ ಅಕ್ಕ ಎಂದು ಮುತ್ತು ಹೇಳಿದ. ಸ್ಪ್ಯಾನರ್ ಹಿಡಿದವಳು ನಾನು. ನಾನು ಅವನಿಗೆ, ಬಸ್ಸಿಗೆ ಹೊತ್ತಾಯ್ತು, ನಾಳೆ ಬಿಗಿಯೋಣ ನಡಿ ಎಂದೆ.