ಅಪ್ಪನ ಗಾಡಿ ಗಾಜು ಹೊತ್ತಿತು

ಮಾರ್ಚ್ ೧೭, ಭಾನುವಾರ

ಪ್ರೀತಿಯ ಅಣ್ಣನಿಗೆ ತಂಗಿಯ ನಮಸ್ಕಾರಗಳು.

ನಾವಿಲ್ಲಿ ಚೆನ್ನಾಗಿದ್ದೇವೆ, ಗಾಡಿಯೂ ಚೆನ್ನಾಗಿದೆ. ಈ ಎರಡನೆಯ ಮಾತು ಬರೆಯುವ ಹಾಗಾಗಲಿ ಎಂದೇ ಇಷ್ಟು ದಿನ ಕಾಗದ ಹಾಕದೆ ಕೂತಿದ್ದೆ, ತಡವಾಯಿತೆಂದು ಮುನಿಸಿಕೊಳ್ಳಬೇಡ. ಹೋದ ವಾರ ಅತ್ತಿಗೆ ಫೋನು ಮಾಡಿ, "ಏನೇ, ಬದುಕಿದ್ದೀಯಾ? ನಿಮ್ಮಣ್ಣ ಬಾಯಿಬಿಟ್ಟು ಕೇಳಲ್ಲ, ಆದ್ರೆ ಅಂಚೆಯವನ ಬೆಲ್ಲು ಕೇಳಿದ್ರೆ ಸಾಕು, ಬಾಗಿಲಿಗೆ ಹೋಗಿ ನಿಂತ್ಕೋತಾರೆ" ಎಂದರು. ಅವರ ಮೇಲೆ ರೇಗಬೇಡ, ನಾನೇ ಕೆದಕಿ ಕೆದಕಿ ಬಾಯಿ ಬಿಡಿಸಿದ್ದು. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು ನಿಜ. ಆದರೆ ಫೋನಿನಲ್ಲಿ ನೀನು "ಹೂಂ", "ಸರಿ" ಬಿಟ್ಟು ಮೂರನೆಯ ಮಾತಾಡುವವನಲ್ಲ. ಕಾಗದವಾದರೆ ಪೂರ್ತಿ ಓದುತ್ತೀಯ.

ಸುತ್ತಿ ಬಳಸಿ ಹೇಳುವುದು ಬೇಡ. ಅಪ್ಪ ಹಾಸಿಗೆ ಹಿಡಿದಾಗ ಎಲ್ಲರ ಎದುರಿಗೆ "ಗಾಡಿ ಮಗಳಿಗೆ" ಎಂದುಬಿಟ್ಟರು. ಅಷ್ಟು ವರ್ಷ ಆ ಪಿಕಪ್ ಓಡಿಸಿ, ನಮ್ಮ ಅಂಗಡಿಯ ಗಾಜನ್ನು ಮನೆಮನೆಗೆ ಮುಟ್ಟಿಸಿದವನು ನೀನು. ಜೇಬಿನಿಂದ ಕೀ ತೆಗೆದು ಮೇಜಿನ ಮೇಲಿಟ್ಟೆ, ಚಹಾ ಅರ್ಧಕ್ಕೇ ಬಿಟ್ಟು ಹೋದೆ, ಬೇರೆ ಊರಲ್ಲಿ ಬಸ್ಸಿನ ಕೆಲಸ ಹಿಡಿದೆ. ಅಪ್ಪನ ಮಣ್ಣಿಗೆ ಬಂದವನು ಬಂದ ಹಾಗೇ ಹೊರಟೆ. ಹತ್ತು ವರ್ಷದ ಮೇಲಾಯಿತು, ಈ ಮನೆಯ ಮೆಟ್ಟಿಲು ಹತ್ತಿಲ್ಲ. ನನಗೆ ಓಡಿಸಲು ಬರುತ್ತಿರಲಿಲ್ಲ, ನಿನ್ನನ್ನು ಕರೆಯಲು ಧೈರ್ಯವಿರಲಿಲ್ಲ, ಗಾಡಿ ಹಿತ್ತಲ ಶೆಡ್ಡಿನಲ್ಲಿ ಕೂತುಬಿಟ್ಟಿತು. ಈಗ ನೀನು ಬಂದು ಆ ಗಾಡಿಯಲ್ಲಿ ಒಂದು ಸಲ ಕೂರಬೇಕು. ಅದನ್ನು ಕೇಳುವುದಕ್ಕೇ ಈ ಕಾಗದ. ಉಳಿದದ್ದೆಲ್ಲ ನನ್ನ ಜಂಬ, ಸಹಿಸಿಕೊಂಡು ಓದು.

ಶುರುವಾದದ್ದು ಹೀಗೆ. ನಿನ್ನ ನಂತರ ಬಾಡಿಗೆ ಟೆಂಪೋದವರನ್ನೇ ನಂಬಿಕೊಂಡಿದ್ದೆವು. ಅವರಿಗೆ ಗಾಜೂ ಒಂದೇ, ಗೊಬ್ಬರವೂ ಒಂದೇ. ಒಂದು ದೊಡ್ಡ ಮನೆಯ ಕನ್ನಡಿಯನ್ನು ಚೂರುಚೂರು ಮಾಡಿ ಬಾಗಿಲಿಗೆ ತಂದಿಟ್ಟು, "ರಸ್ತೆ ಸರಿ ಇಲ್ಲ ಅಕ್ಕಾ" ಎಂದು ಕೈತೊಳೆದುಕೊಂಡರು. ಅದೇ ದಿನಗಳಲ್ಲಿ ಹೋಟೆಲಿನ ಯಜಮಾನನೊಬ್ಬ ಬಂದ. ಶೆಡ್ಡಿನ ಸಂದಿಯಿಂದ ಗಾಡಿ ನೋಡಿ, ನಮಗೆ ಕೊಡಿ, ಹೋಟೆಲಿನ ಮುಂದೆ ನಿಲ್ಲಿಸಿ ಹಿಂಭಾಗದ ತುಂಬ ಹೂಕುಂಡ ಜೋಡಿಸುತ್ತೇವೆ, ಜನ ಫೋಟೋ ತೆಗೆಸಿಕೊಳ್ಳುತ್ತಾರೆ ಎಂದ. ಇವರು, ಅಂದರೆ ನಮ್ಮ ದರ್ಜಿ ಸಾಹೇಬರು, ಕುತ್ತಿಗೆಗೆ ಟೇಪು ಹಾಕಿಕೊಂಡು, "ಒಳ್ಳೇ ಮಾತೇ ಅಲ್ವಾ, ಗುಜರಿಗೆ ಹೋಗೋದಕ್ಕಿಂತ" ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಅಪ್ಪನ ಗಾಡಿ ಹೂಕುಂಡ ಹೊರುವುದೇ? ಗಾಜು ಹೊರುತ್ತೆ, ನೋಡ್ತಾ ಇರಿ ಎಂದು ಇಬ್ಬರಿಗೂ ಸೇರಿಸಿ ಹೇಳಿಬಿಟ್ಟೆ. ಹೇಳಿದ ಮೇಲೆ ಹಿಂದೆ ಸರಿಯುವುದು ಹೇಗೆ.

ಶೆಡ್ಡಿನ ಬಾಗಿಲು ತೆಗೆಯಲು ಕಬ್ಬಿಣದ ಸಲಾಕೆ ಬೇಕಾಯಿತು. ಟಾರ್ಪಾಲು ಎಳೆದರೆ ಕೈಯಲ್ಲೇ ಪುಡಿಯಾಗಿ ಬಂತು. ನಾಲ್ಕೂ ಟಯರು ನೆಲಕ್ಕೆ ಅಂಟಿ ಚಪ್ಪಟೆ. ಬಾನೆಟ್ ಎತ್ತಿದರೆ ಗಾಳಿ ಶೋಧಿಸುವ ಡಬ್ಬಿಯೊಳಗೆ ಇಲಿ ಸಂಸಾರ ಹೂಡಿದೆ, ಗೂಡಿಗೆ ಬಣ್ಣಬಣ್ಣದ ಬಟ್ಟೆ ಚೂರು. ಎಲ್ಲಾ ಇವರ ಹೊಲಿಗೆ ಮಿಷನ್ನಿನ ಕೆಳಗಿನವು. ಊರಿಗೆಲ್ಲ ಹೊಲಿದುಕೊಟ್ಟದ್ದು ಸಾಲದೆಂದು ಇಲಿಗೂ ಹೊಲಿದುಕೊಟ್ಟಿದ್ದೀರಲ್ಲ ಎಂದು ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಇವರು ಮುಖ ಊದಿಸಿಕೊಂಡು ಒಳಗೆ ಹೋದರು, ಆದರೆ ಸ್ವಲ್ಪ ಹೊತ್ತಿಗೆ ಹಳೆಯ ಅಂಗಿ ಹಾಕಿಕೊಂಡು ಪೊರಕೆ ಹಿಡಿದು ಬಂದರು.

ಮೆಕ್ಯಾನಿಕ್ಕು ನಿನಗೆ ಗೊತ್ತಿರುವವನೇ, ಅದೇ ಗೊಣಗಪ್ಪ. ಕೂದಲು ಉದುರಿದೆ, ಗೊಣಗಾಟ ಉದುರಿಲ್ಲ. ಗಾಡಿಯ ಸುತ್ತ ಒಂದು ಸುತ್ತು ಬಂದು, "ಇದನ್ನ ಎಬ್ಬಿಸೋದೂ ಒಂದೇ, ನಿಮ್ಮಪ್ಪನ್ನ ಎಬ್ಬಿಸೋದೂ ಒಂದೇ" ಎಂದ. ಹಾಗಾದರೆ ಬಿಡು, ಬೇರೆಯವರನ್ನು ಕೇಳುತ್ತೇನೆ ಎಂದಾಗ, "ಬೇರೆಯವರು ಬಂದು ಹಾಳು ಮಾಡೋದು ಬೇಡ" ಎಂದು ಅಂಗಿಯ ತೋಳು ಮಡಿಸಿದ.

ಎಂಜಿನ್ನು ಜಪ್ಪಯ್ಯ ಎಂದರೂ ಅಲುಗಲಿಲ್ಲ. ಪ್ಲಗ್ಗುಗಳನ್ನು ಬಿಚ್ಚಿ, ಆ ತೂತುಗಳಲ್ಲಿ ಎಣ್ಣೆ ಬಿಟ್ಟು, ಹಾಗೇ ನೆನೆಯಲು ಬಿಟ್ಟೆವು. ದಿನಾ ಬೆಳಿಗ್ಗೆ ಅಂಗಡಿ ತೆಗೆಯುವ ಮುಂಚೆ ನಾನು ಹೋಗಿ ಎಂಜಿನ್ನು ತಿರುಗಿಸುವ ಮುಂದಿನ ಹ್ಯಾಂಡಲ್ಲಿಗೆ ಕೈ ಹಚ್ಚುವುದು, ಅದು ಅಲುಗದಿರುವುದು, ಇನ್ನಷ್ಟು ಎಣ್ಣೆ ಬಿಡುವುದು. ಒಂದು ದಿನ ಬೆರಳಿನಗಲ ತಿರುಗಿತು. ಅಣ್ಣಾ, ನಾನು ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟೆ. ಗೊಣಗಪ್ಪ ಬಂದು ನೋಡಿ, "ಅಳೋದಕ್ಕೆ ಇನ್ನೂ ಬೇಕಾದಷ್ಟಿದೆ, ಬ್ರೇಕು ಬಿಚ್ಚಿಲ್ಲ" ಎಂದ.

ಅವನು ಹೇಳಿದ್ದು ಸುಳ್ಳಲ್ಲ. ಬ್ರೇಕು ಹಿಡಿದುಕೊಂಡಿತ್ತು, ವೈರುಗಳನ್ನು ಇಲಿ ತಿಂದಿತ್ತು, ಟ್ಯಾಂಕಿನಲ್ಲಿದ್ದ ಪೆಟ್ರೋಲು ಅಂಟಂಟಾಗಿ ಹಳೆಯ ಬಣ್ಣದ ವಾಸನೆ ಹೊಡೆಯುತ್ತಿತ್ತು. ಟ್ಯಾಂಕು ಇಳಿಸಿ, ಒಳಗೆ ಸಣ್ಣ ಜಲ್ಲಿ ಹಾಕಿ ಕುಲುಕಿ ತುಕ್ಕು ಕಳೆಯಬೇಕು. ಅದನ್ನು ನಾನೇ ಮಾಡಿದೆ. ತೊಟ್ಟಿಲು ತೂಗಿದ ಹಾಗೆ ತೂಗಿ ತೂಗಿ ಭುಜ ಬಿದ್ದುಹೋಯಿತು. ಅಂಗಡಿಗೆ ಬಂದವರು ಈ ಸದ್ದೇನು ಎಂದು ಕೇಳಿದರೆ ಇವರು ಒಳಗಿನಿಂದಲೇ, "ನಮ್ಮ ಯಜಮಾನತಿ ಕಲ್ಲು ಹುರೀತಾ ಇದ್ದಾಳೆ" ಎನ್ನುತ್ತಿದ್ದರು. ಎಲ್ಲ ಸೇರಿಸಿ ಕೀ ತಿರುಗಿಸಿದ ದಿನ ಗಾಡಿ ಎರಡು ಸಲ ಕೆಮ್ಮಿ, ಒಂದು ಸಲ ಗುಂಡು ಹೊಡೆದ ಹಾಗೆ ಸದ್ದು ಮಾಡಿ, ಅಕ್ಕಪಕ್ಕದ ಮನೆಯವರನ್ನೆಲ್ಲ ಬೀದಿಗೆ ತಂದು, ಸ್ಟಾರ್ಟ್ ಆಯಿತು. ಅದೇ ಸದ್ದು. ನೀನು ಮೂಲೆ ತಿರುಗಿದ ಕೂಡಲೇ ಒಳಮನೆಗೆ ಕೇಳಿಸುತ್ತಿದ್ದ ಅದೇ ಸದ್ದು.

ಆದರೆ ಗಾಡಿಗೆ ಓಟವೇ ಇಲ್ಲ. ಗೊಣಗಪ್ಪ ಓಡಿಸಿ ನೋಡಿದ, ಸೈಕಲಿನವರೆಲ್ಲ ಹಿಂದೆ ಹಾಕಿ ಹೋಗುತ್ತಿದ್ದಾರೆ. ಕಾರ್ಬುರೇಟರ್ ಬಿಚ್ಚಿದ, ತೊಳೆದ, ಕೂರಿಸಿದ, ಮತ್ತೆ ಬಿಚ್ಚಿದ. ಕೊನೆಗೆ, "ಇಷ್ಟೇ ಇದರ ಯೋಗ್ಯತೆ, ಮುಂಚಿಂದ್ಲೂ ಇದು ಆಮೇನೇ" ಎಂದು ಕೈಚೆಲ್ಲಿದ. ಅದು ನಮಗೂ ಗೊತ್ತಿದ್ದದ್ದೇ ಅಲ್ಲವೇ? ಈ ಗಾಡಿ ನಿಧಾನ, ಅದರ ಹಣೆಬರಹವೇ ಅಷ್ಟು ಎಂದುಕೊಂಡೇ ಬೆಳೆದವರು ನಾವು. ನಾನೂ ಹೋಗಲಿ ಬಿಡು ಎಂದು ಸುಮ್ಮನಾದೆ.

ಮರುದಿನ ಒಳಗೆಲ್ಲ ಒರೆಸುತ್ತಿದ್ದೆ. ಕಾಲ ಕೆಳಗಿನ ರಬ್ಬರು ಹಾಸು ಎತ್ತಿ, ಆಕ್ಸಿಲರೇಟರಿನ ಕೆಳಗೆ ಕೈಹಾಕಿ ತಡವಿದರೆ ಕಬ್ಬಿಣ ತಣ್ಣಗಿರಬೇಕಾದ ಕಡೆ ಏನೋ ಬೆಚ್ಚಗೆ ಕೈಗೆ ತಗುಲಿತು. ಉಗುರಿನಿಂದ ಕೆರೆದೆ. ಮರ. ಗಟ್ಟಿ ಮರದ ತುಂಡೊಂದನ್ನು ಅಚ್ಚುಕಟ್ಟಾಗಿ ಕೆತ್ತಿ, ಗಾಡಿಯದೇ ಕಪ್ಪು ಬಣ್ಣ ಹೊಡೆದು, ಅಪ್ಪ ಪೆಡಲಿನ ಅಡಿಗೆ ಮೊಳೆ ಜಡಿದು ಕೂರಿಸಿದ್ದಾರೆ. ಎಷ್ಟು ಒತ್ತಿದರೂ ಪೆಡಲು ಅರ್ಧಕ್ಕಿಂತ ಕೆಳಗೆ ಹೋಗುವುದಿಲ್ಲ. ಗಾಜು ಒಡೆಯಬಾರದಲ್ಲ.

ಈಗ ನೆನಪು ಮಾಡಿಕೋ. ನಿನ್ನನ್ನು ಸಂತೆಯ ಲಾರಿಯವರೆಲ್ಲ ಆಮೆ ಡ್ರೈವರು ಎಂದು ಆಡಿಕೊಳ್ಳುತ್ತಿದ್ದರು. ನೀನು ಮನೆಗೆ ಬಂದು ಎಂಜಿನ್ನು ಬದಲಾಯಿಸೋಣ ಅಪ್ಪಾ ಎಂದು ಗೋಗರೆದರೆ, ಅಪ್ಪ ನಿಟ್ಟುಸಿರು ಬಿಟ್ಟು, "ವಯಸ್ಸಾಯ್ತಪ್ಪ ಅದಕ್ಕೂ, ನನ್ನ ಹಾಗೇ" ಎನ್ನುತ್ತಿದ್ದರು. ಎಂಥಾ ಕಿಲಾಡಿ ಮನುಷ್ಯ ನೋಡು. ಮುಖದ ಒಂದು ಗೆರೆ ಅಲುಗಿಸದೆ ಇಷ್ಟು ವರ್ಷ ನಮ್ಮೆಲ್ಲರ ಕಣ್ಣಿಗೆ ಮಣ್ಣೆರಚಿದ್ದಾರೆ. ನೀನು ನಿಧಾನದ ಡ್ರೈವರಲ್ಲ ಅಣ್ಣಾ, ಇದನ್ನು ನಿನಗೆ ಬರೆದು ತಿಳಿಸುವಾಗ ನನಗೆಷ್ಟು ಖುಷಿಯೋ. ತುಂಡು ತೆಗೆದು ಓಡಿಸಿದಾಗ ಗಾಡಿ ಹೋದ ವೇಗಕ್ಕೆ ಗೊಣಗಪ್ಪನ ಟೋಪಿ ಹಾರಿಹೋಯಿತು. ಆಮೇಲೆ ನಾನೇ ಆ ತುಂಡನ್ನು ಇದ್ದ ಕಡೆಯೇ ಮತ್ತೆ ಜಡಿದೆ. ನನ್ನದೂ ಗಾಜಿನ ಅಂಗಡಿಯೇ ತಾನೇ.

ನಡುವೆ ಡ್ರೈವಿಂಗ್ ಸ್ಕೂಲಿಗೂ ಸೇರಿದ್ದೆ. ಕಾಲೇಜಿನ ಮಕ್ಕಳ ಮಧ್ಯೆ ನಾನೊಬ್ಬಳು ಐವತ್ತು ದಾಟಿದವಳು, ಕನ್ನಡಕ ಮೂಗಿನ ತುದಿಗೆ. ಪರೀಕ್ಷೆಯ ದಿನ ಆ ಮಕ್ಕಳಲ್ಲಿ ಅರ್ಧಕ್ಕರ್ಧ ನಪಾಸು, ನಾನು ಪಾಸು. ಲೈಸೆನ್ಸಿನ ಫೋಟೋದಲ್ಲಿ ಯಾರನ್ನೋ ಹೊಡೆಯಲು ಹೊರಟವಳ ಹಾಗೆ ಕಾಣುತ್ತೇನೆ, ಆದರೂ ಬಂದವರಿಗೆಲ್ಲ ತೋರಿಸಿದ್ದೇನೆ.

ಮೊನ್ನೆ ಗುರುವಾರ ಮೊದಲ ಗಾಜು. ಗ್ರಂಥಾಲಯದ ಮುಂಭಾಗದ ಕಿಟಕಿಗೆ ಒಂದೇ ಹಾಳೆ, ನನ್ನ ತಲೆಗಿಂತ ಎತ್ತರ. ಟೆಂಪೋದವರು ಒಬ್ಬರೂ ಒಪ್ಪಿರಲಿಲ್ಲ. ಇದು ಒಡೆದರೆ ಹೂಕುಂಡದವನು ಮಾರನೆಯ ದಿನವೇ ಬಾಗಿಲಿಗೆ ಬರುತ್ತಾನೆ, ಅಪ್ಪನ ಕಾಲದಿಂದ ಉಳಿದ ಹೆಸರೂ ಹೋಗುತ್ತದೆ. ಹಿಂದಿನ ಮರದ ಚೌಕಟ್ಟಿಗೆ ಹೊಸ ಕಂಬಳಿ ಹೊದಿಸಿ, ಗಾಜು ನಿಲ್ಲಿಸಿ, ಬಟ್ಟೆಯ ಪಟ್ಟಿಯಿಂದ ಬಿಗಿದೆವು. ಕ್ಯಾಬಿನ್ನಿನ ಹಿಂದಿನ ಕಿಂಡಿ ಹಾಗೇ ಇದೆ. ಗಾಜಿನ ವ್ಯಾಪಾರಿಯ ಗಾಡಿಗೇ ಗಾಜಿಲ್ಲ ಎಂದು ಜನ ನಗುತ್ತಿದ್ದರಲ್ಲ, ಅದೇ ಕಿಂಡಿ. ಅದರಿಂದ ಕೈ ಹಿಂದಕ್ಕೆ ಚಾಚಿ, ಗಾಜಿನ ಮೈಮೇಲೆ ಅಂಗೈ ಇಟ್ಟು, ಅದು ಬಡಿದುಕೊಳ್ಳಲು ಶುರುಮಾಡಿದರೆ "ನಿಧಾನ" ಎನ್ನುವುದು ಚಿಕ್ಕಂದಿನಿಂದ ನನ್ನ ಕೆಲಸ. ಈಗ ನಾನು ಸ್ಟಿಯರಿಂಗ್ ಹಿಡಿದರೆ ಗಾಜು ಮುಟ್ಟುವವರು ಯಾರು? ಇವರನ್ನೇ ಎಳೆದು ಕೂರಿಸಿದೆ.

ಹಳೆಯ ಸೇತುವೆಯ ಹತ್ತಿರ ರಸ್ತೆ ಅಗೆದು ಹಾಕಿದ್ದಾರೆ. ಇವರು ಕಣ್ಣು ಮುಚ್ಚಿಕೊಂಡು, "ನಡುಗ್ತಾ ಇದೆ ಕಣೇ, ನಡುಗ್ತಾ ಇದೆ" ಎನ್ನತೊಡಗಿದರು.

"ಗಾಜೋ, ನಿಮ್ಮ ಕೈಯೋ?"

ಒಂದು ಕಣ್ಣು ತೆರೆದು ನೋಡಿ, "ಕೈ ಇರಬೇಕು" ಎಂದರು.

ಗ್ರಂಥಾಲಯದ ಮುಂದೆ ಇಳಿದು ಕಂಬಳಿ ಸರಿಸಿದೆ. ಒಂದು ಗೀರಿಲ್ಲ. ಗಾಜಿನಲ್ಲಿ ನಾನು, ಇವರು, ಹಿಂದಿನ ಬೀದಿ, ಎಲ್ಲ ಕಾಣಿಸುತ್ತಿತ್ತು. ಗ್ರಂಥಪಾಲಕರು ಹೊರಗೆ ಬಂದವರು ಗಾಜು ಬಿಟ್ಟು ಗಾಡಿಯನ್ನೇ ನೋಡುತ್ತ ನಿಂತರು. "ಇದನ್ನ ಓಡಿಸ್ಕೊಂಡು ಬಂದಿದ್ದು ಯಾರು?" ಎಂದರು. ಇವರು ನನಗಿಂತ ಮುಂಚೆ, "ನಮ್ಮನೆಯವಳು" ಎಂದರು. ಇಪ್ಪತ್ತೈದು ವರ್ಷದ ಸಂಸಾರದಲ್ಲಿ ಅಷ್ಟು ಗಟ್ಟಿಯಾಗಿ ಇವರು ಏನನ್ನೂ ಹೇಳಿದ್ದಿಲ್ಲ. ನನಗೆ ನೆಲ ಕಾಣಿಸಲಿಲ್ಲ ಅಣ್ಣಾ, ಸುಳ್ಳೇಕೆ ಹೇಳಲಿ. ಕಿಟಕಿಗೆ ಗಾಜು ಕೂರಿಸಿ ಮುಗಿಸುವವರೆಗೂ ಎದೆಯುಬ್ಬಿಸಿಕೊಂಡೇ ಓಡಾಡಿದೆ.

ಇಷ್ಟು ನನ್ನ ಸುದ್ದಿ. ನಿನಗೆ ರಜೆ ಸಿಕ್ಕಿದ ದಿನ ಬಾ, ಮುಂಚೆ ತಿಳಿಸಿದರೆ ಬಸ್ ನಿಲ್ದಾಣಕ್ಕೆ ಗಾಡಿ ತರುತ್ತೇನೆ. ಅತ್ತಿಗೆಯನ್ನೂ ಮಗಳನ್ನೂ ಕರೆದುಕೊಂಡು ಬಾ. ಮಗಳ ಪರೀಕ್ಷೆ ಚೆನ್ನಾಗಿ ಆಗಲಿ, ಅತ್ತೆಯ ಆಶೀರ್ವಾದ ಅವಳ ತಲೆಯ ಮೇಲಿರಲಿ. ನೀನು ದೊಡ್ಡವನು, ನನ್ನನ್ನು ಹರಸುವುದು ನಿನ್ನ ಪಾಲಿನದು. ಬೆನ್ನುನೋವಿಗೆ ಬಸ್ಸಿನ ಸೀಟಿನಲ್ಲಿ ದಿಂಬು ಇಟ್ಟುಕೋ.

ನಿನ್ನ ಬಾಯಿಬಡುಕಿ ತಂಗಿ

ಮರೆತ ಮಾತು: ಮರೆತಿರಲಿಲ್ಲ, ಲಕೋಟೆ ಅಂಟಿಸುವ ತನಕ ಬರೆಯಲೋ ಬೇಡವೋ ಎಂದು ನೋಡುತ್ತಿದ್ದೆ. ಅಪ್ಪ ಗಾಡಿಯನ್ನು ನನಗೆ ಕೊಟ್ಟರೆಂಬ ನೋವು ನಿನಗಿದೆ. ಅದು ನ್ಯಾಯವೇ. ನಿನ್ನ ಜಾಗದಲ್ಲಿ ನಾನಿದ್ದಿದ್ದರೆ ಆ ಕೀಯನ್ನು ಗೋಡೆಗೆ ಬೀಸಿರುತ್ತಿದ್ದೆ. ಆದರೆ ನಿನಗೆ ಹದಿನೆಂಟು ತುಂಬಿದ ವಾರವೇ ಅಪ್ಪ ನಿನ್ನನ್ನು ಬೆಳಿಗ್ಗೆ ಎಬ್ಬಿಸಿ ಮೈದಾನಕ್ಕೆ ಕರೆದುಕೊಂಡು ಹೋದರು. ಕ್ಲಚ್ಚು ಬಿಡುವುದರಲ್ಲಿ ತಪ್ಪಿದಾಗಲೆಲ್ಲ ಅವರು ನಿನ್ನನ್ನು ಬೈಯುತ್ತಿದ್ದದ್ದು ನಮ್ಮ ಅಡುಗೆಮನೆಗೂ ಕೇಳಿಸುತ್ತಿತ್ತು. ನನಗೆ ಹದಿನೆಂಟು ತುಂಬಿದಾಗ ನಾನೂ ಬೇಗ ಎದ್ದು, ತಲೆ ಬಾಚಿ, ಚಪ್ಪಲಿ ಮೆಟ್ಟಿ, ಬಾಗಿಲಲ್ಲಿ ನಿಂತಿದ್ದೆ. ಅಪ್ಪ ನೋಡಿ, "ಎಲ್ಲಿಗೆ ಹೊರಟೆ?" ಎಂದರು. ಎಲ್ಲಿಗೂ ಇಲ್ಲ ಎಂದೆ. ಮಾರನೆಯ ದಿನವೂ ನಿಂತೆ, ಅವತ್ತು ಕೇಳಲೂ ಇಲ್ಲ. ನನಗೆ ಗಾಡಿ ಸಿಕ್ಕಿತು ಅಣ್ಣಾ, ನಿನಗೆ ಅಪ್ಪ ಸಿಕ್ಕಿದರು. ಅದಲು ಬದಲು ಮಾಡಿಕೊಳ್ಳುವ ಹಾಗಿದ್ದರೆ ಇವತ್ತೇ ಕೀ ತಂದುಕೊಡುತ್ತಿದ್ದೆ. ಡ್ರೈವಿಂಗ್ ಸ್ಕೂಲಿನವನು ಆ ಮಕ್ಕಳನ್ನೆಲ್ಲ ಬೈದು ಬೈದು ಕಲಿಸಿದ, ನನಗೆ ಮಾತ್ರ "ಪರವಾಗಿಲ್ಲಮ್ಮ, ನಿಧಾನ" ಎಂದ. ಈಗಲೂ ನಾನು ಕ್ಲಚ್ಚು ಬಿಟ್ಟರೆ ಗಾಡಿ ಎಗರುತ್ತದೆ. ನೀನು ಬಂದು ಪಕ್ಕದಲ್ಲಿ ಕೂತು, ಅಪ್ಪ ನಿನ್ನನ್ನು ಬೈದ ಹಾಗೆಯೇ, ಗಟ್ಟಿಯಾಗಿ ನನ್ನನ್ನು ಬೈಯಿ.