ಗುರುವಾರದ ಸೂಜಿಗಳು

ಮನೆಯಿಂದ,
ಹನ್ನೊಂದನೇ ತಾರೀಖು, ಭಾನುವಾರ ಬೆಳಿಗ್ಗೆ

ನನ್ನ ಚಿನಕುರುಳಿ,

ಹೇಗಿದ್ದೀಯೇ? ಹೊಲಿಗೆ ಹಾಕಿದ ಜಾಗ ಪೂರ್ತಿ ಮಾಯಿತೇ? ಕೂತು ಹಾಲು ಕುಡಿಸುವಾಗ ಬೆನ್ನಿಗೊಂದು ದಿಂಬು ಇಟ್ಟುಕೋ, ಈಗ ಗೊತ್ತಾಗುವುದಿಲ್ಲ, ಆಮೇಲೆ ಸೊಂಟ ಹಿಡಿದುಕೊಂಡು ಬಿಡುತ್ತದೆ. ಮಗುವಿಗೆ ನೆಗಡಿಯಾಗಿತ್ತು ಎಂದು ನಿಮ್ಮಪ್ಪ ಹೇಳಿದರು. ನೀನು ಅವರ ಫೋನಿಗೆ ಕಳಿಸುವ ಫೋಟೋಗಳನ್ನೆಲ್ಲ ನನಗೆ ತೋರಿಸುತ್ತಾರೆ, ನಾನು ಕೇಳುವ ಮೊದಲೇ. ಹಳದಿ ಟೊಪ್ಪಿಗೆ ಹಾಕಿಕೊಂಡ ಫೋಟೋದಲ್ಲಿ ಮಗು ಥೇಟ್ ನಮ್ಮ ಅಳಿಯಂದಿರ ಹಾಗೇ ಹುಬ್ಬು ಗಂಟಿಕ್ಕಿದೆ. ಪಾಪ, ಅವರಿಗೂ ನಿದ್ದೆ ಇರಲಿಕ್ಕಿಲ್ಲ. ನಾನು ವಿಚಾರಿಸಿದೆನೆಂದು ಹೇಳು.

ಫೋನ್ ಮಾಡುವುದು ಬಿಟ್ಟು ಅಮ್ಮ ಯಾಕೆ ಕಾಗದ ಬರೆಯುತ್ತಿದ್ದಾಳೆ ಎಂದುಕೊಳ್ಳುತ್ತೀಯ. ಫೋನಿನಲ್ಲಿ ಹೇಳಲು ಹೋದರೆ ನಡುವೆ ನೀನು ಏನಾದರೂ ಅನ್ನುತ್ತೀಯ, ನಾನು ಅತ್ತುಬಿಡುತ್ತೇನೆ, ಹೇಳಬೇಕಾದದ್ದು ಅರ್ಧಕ್ಕೇ ನಿಲ್ಲುತ್ತದೆ. ಅದಕ್ಕೇ ಅಡುಗೆಮನೆಯ ಮೇಜಿನ ಮೇಲೆ ಹಾಳೆ ಹರಡಿಕೊಂಡು ಕೂತಿದ್ದೇನೆ. ನಿಮ್ಮಪ್ಪ ಅಂಗಡಿಯಲ್ಲಿ ಯಾರದೋ ಕೋಟಿನ ತೋಳು ಬಿಚ್ಚಿ ಹೊಲಿಯುತ್ತಿದ್ದಾರೆ, ಇವತ್ತು ರಜೆ ಎನ್ನುವುದನ್ನೂ ಮರೆತು.

ಕೇಳು. ನಿನಗೆ ನಾನು ಮೂರು ಸುಳ್ಳು ಹೇಳಿದ್ದೇನೆ. ಹೆರಿಗೆಗೆ ಬರಲು ಆಗುವುದಿಲ್ಲ, ಜ್ವರ ಬಂದಿದೆ ಎಂದೆ. ಜ್ವರ ಬಂದಿರಲಿಲ್ಲ. ಆಮೇಲೆ ರಜೆ ಕೊಡುತ್ತಿಲ್ಲ ಎಂದೆ. ನಾನು ರಜೆಯನ್ನೇ ಕೇಳಿರಲಿಲ್ಲ. ಮಾತು ಯಾಕೆ ಹೀಗೆ ತೊದಲುತ್ತಿದೆ ಎಂದು ನೀನು ಕೇಳಿದಾಗ ಹಲ್ಲು ಕೀಳಿಸಿದೆ ಎಂದೆ. ನನ್ನ ಹಲ್ಲುಗಳೆಲ್ಲ ಇದ್ದಲ್ಲೇ ಇವೆ. ನಡೆದದ್ದು ಇಷ್ಟು. ನಿನ್ನ ಹೆರಿಗೆಗೆ ಹತ್ತು ದಿನ ಇತ್ತು. ಬ್ಯಾಗು ತುಂಬಿ ಬಾಗಿಲ ಹಿಂದೆ ಇಟ್ಟಿದ್ದೆ. ಅವತ್ತು ಬೆಳಿಗ್ಗೆ ಸ್ಟೇಷನ್ನಿಗೆ ಪಾಳಿಗೆ ಹೋಗಿ, ಮೈಕಿನ ಮುಂದೆ ಕೂತು ಚಹಾ ಬಾಯಿಗಿಟ್ಟರೆ ಬಲಗಡೆಯಿಂದ ಸುರಿದು ಸೀರೆಯ ಮೇಲೆ ಬಿತ್ತು. ತಮಾಷೆ ಎನಿಸಿತು. ಒರೆಸಿಕೊಂಡು ಏಳು ಹತ್ತರ ಪ್ಯಾಸೆಂಜರ್ ಬಗ್ಗೆ ಹೇಳಲು ಹೋದೆ. ಪ್ಲಾಟ್‌ಫಾರಂ ಎನ್ನುವ ಪದ ಬಾಯಿಂದ ಹೊರಡಲೇ ಇಲ್ಲ. ಇಪ್ಪತ್ತಾರು ವರ್ಷ ದಿನಕ್ಕೆ ನೂರು ಸಲ ಹೇಳಿದ ಪದ. ಮತ್ತೊಮ್ಮೆ ಪ್ರಯತ್ನಿಸಿದೆ. ಇಡೀ ಸ್ಟೇಷನ್ನಿಗೆ ಯಾರೋ ಕುಡಿದು ಮಾತಾಡಿದ ಹಾಗೆ ಕೇಳಿಸಿರಬೇಕು. ನಮ್ಮ ಟಿಕೆಟ್ ಕಲೆಕ್ಟರ್ ಓಡಿ ಬಂದ. ಬಾಗಿಲಲ್ಲೇ ನಿಂತು ನನ್ನ ಮುಖ ನೋಡಿ, “ಅಕ್ಕಾ, ಮೈಕ್ ಆಫ್ ಮಾಡಿ. ಆಸ್ಪತ್ರೆಗೆ ಹೋಗೋಣ, ಏಳಿ” ಎಂದ. ಅವನ ಮುಖ ನೋಡಿಯೇ ನನ್ನ ಮುಖ ಹೇಗಾಗಿದೆ ಎಂದು ನನಗೆ ಗೊತ್ತಾಯಿತು.

ಲಕ್ವ ಹೊಡೆಯಿತು ಎಂದೇ ಎಲ್ಲರೂ ಎಣಿಸಿದ್ದೆವು. ಆಸ್ಪತ್ರೆಯ ಡಾಕ್ಟರು ಕೈ ಎತ್ತಿಸಿ, ಕಾಲು ಎತ್ತಿಸಿ, ಹುಬ್ಬು ಏರಿಸಲು ಹೇಳಿ ಎಲ್ಲ ನೋಡಿ, ಹಾಗೇನೂ ಅಲ್ಲ, ಮುಖದ ಬಲಗಡೆಯ ನರ ಬಾತುಕೊಂಡಿದೆ, ಬೇಗ ಬಂದದ್ದು ಒಳ್ಳೆಯದಾಯಿತು, ಬಹಳ ಜನಕ್ಕೆ ತಾನಾಗಿಯೇ ಸರಿಹೋಗುತ್ತದೆ ಎಂದರು. ಮಾತ್ರೆ ಕೊಟ್ಟರು, ಕಣ್ಣಿಗೆ ಹನಿ ಕೊಟ್ಟರು. ಬಲಗಣ್ಣು ಮುಚ್ಚುತ್ತಿರಲಿಲ್ಲ ಕಣೇ. ಮಲಗುವ ಮುಂಚೆ ನಿಮ್ಮಪ್ಪ ರೆಪ್ಪೆಯನ್ನು ಬೆರಳಿನಿಂದ ಇಳಿಸಿ ಕಾಗದದ ಪಟ್ಟಿ ಅಂಟಿಸುತ್ತಿದ್ದರು. ದರ್ಜಿಯ ಕೈ ಅಲ್ಲವೇ, ಒಂದು ದಿನವೂ ಸೊಟ್ಟಗೆ ಅಂಟಿಸಲಿಲ್ಲ. ಪ, ಫ, ಬ, ಭ, ಮ, ಅಕ್ಷರಮಾಲೆಯಲ್ಲಿ ಒಂದೇ ಸಾಲಿನಲ್ಲಿ ಕೂತಿರುವ ಆ ಐದೂ ಒಟ್ಟಿಗೇ ನನ್ನ ಬಾಯಿ ಬಿಟ್ಟು ಹೋದವು. ಮಗು ಎನ್ನಲು ಹೋದರೆ ನಗು ಎಂದು ಬರುತ್ತಿತ್ತು. ಸ್ಟೇಷನ್ ಮಾಸ್ಟರು ನನ್ನನ್ನು ಹಳೆಯ ರಿಜಿಸ್ಟರುಗಳ ಕೋಣೆಗೆ ಹಾಕಿದರು. ಒಳ್ಳೆಯ ಮನಸ್ಸಿನಿಂದಲೇ ಹಾಕಿದ್ದು.

ಮೊದಲು ನಿನಗೆ ಹೇಳದೆ ಇದ್ದದ್ದು ತುಂಬಿದ ಬಸುರಿಯನ್ನು ಹೆದರಿಸಬಾರದು ಎಂದು. ಅದು ನಿಜ. ಆದರೆ ಹೆರಿಗೆಯಾಗಿ ವಾರ ಕಳೆದ ಮೇಲೂ ಹೇಳಲಿಲ್ಲ, ಅದಕ್ಕೆ ನಾಚಿಕೆಯಲ್ಲದೆ ಬೇರೆ ಕಾರಣ ಇರಲಿಲ್ಲ. ಕನ್ನಡಿಗೆ ಟವೆಲ್ ಹೊದಿಸಿದ್ದೆ. ಊಟದ ಹೊತ್ತಿಗೆ ನಿಮ್ಮಪ್ಪನಿಗೂ ಬೆನ್ನು ಹಾಕಿ ಕೂರುತ್ತಿದ್ದೆ. ಅಂಥವಳು ನಿನಗೂ ಮಗುವಿಗೂ ಫೋನಿನ ಪರದೆಯಲ್ಲಿ ಮುಖ ತೋರಿಸುವುದು ಹೇಗೆ? ಕ್ಯಾಮೆರಾ ಕೆಟ್ಟಿದೆ ಎಂದೆ, ಅದನ್ನು ನಾಲ್ಕನೇ ಸುಳ್ಳು ಎಂದು ಸೇರಿಸಿಕೋ. ಕೊನೆಯ ಸಲ ನೀನು ಫೋನಿನಲ್ಲಿ, “ಬರೋಕೆ ಮನಸ್ಸಿಲ್ಲ ಅಂದ್ರೆ ಹಾಗೇ ಹೇಳಿಬಿಡಮ್ಮ” ಎಂದೆ. ಆಮೇಲೆ ನನಗೆ ಫೋನ್ ಮಾಡಲಿಲ್ಲ. ನೀನು ಹೇಳಿದ್ದು ತಪ್ಪಲ್ಲ. ನಾನಾಗಿದ್ದರೂ ಹಾಗೇ ಹೇಳುತ್ತಿದ್ದೆ, ಇನ್ನೂ ಸ್ವಲ್ಪ ಜೋರಾಗಿ.

ಐದು ವಾರ ಕಳೆದರೂ ತುಟಿಯ ತುದಿ ಒಂದಿಷ್ಟು ಅಲುಗಿದ್ದು ಬಿಟ್ಟರೆ ಹೆಚ್ಚೇನೂ ಆಗಿರಲಿಲ್ಲ. ಚೀನಾದ ಸೂಜಿ ಚಿಕಿತ್ಸೆ ಮಾಡುವವರೊಬ್ಬರು ಬೇಕರಿಯ ಮೇಲಿನ ಮಹಡಿಯಲ್ಲಿದ್ದಾರೆ, ತನ್ನ ಮಂಡಿನೋವಿಗೆ ಹೋಗಿದ್ದೆ ಎಂದು ಟಿಕೆಟ್ ಕಲೆಕ್ಟರ್ ಹೇಳಿದ. ಆಸ್ಪತ್ರೆಯ ಡಾಕ್ಟರನ್ನು ಕೇಳಿದೆ. “ಹೋಗಿ ಬನ್ನಿ, ಕಣ್ಣಿನ ಹನಿ, ಮುಖದ ವ್ಯಾಯಾಮ ಮಾತ್ರ ಬಿಡಬೇಡಿ” ಎಂದರು. ಒಂದು ಗುರುವಾರ ನಿಮ್ಮಪ್ಪ ಅಂಗಡಿಗೆ ಬೀಗ ಹಾಕಿ, ಧೈರ್ಯ ಕೊಡಲು ನಾನೂ ಬರುತ್ತೇನೆ ಎಂದು ಜೊತೆಗೆ ಹೊರಟರು. ಅವರು ಕೊಟ್ಟ ಧೈರ್ಯದ ಕತೆ ಮುಂದೆ ಹೇಳುತ್ತೇನೆ.

ನಾನು ಕತ್ತಲೆ ಕೋಣೆ, ಗಿಡಮೂಲಿಕೆಯ ಹೊಗೆ ಎಂದೆಲ್ಲ ಕಲ್ಪಿಸಿಕೊಂಡಿದ್ದೆ. ನೋಡಿದರೆ ಬಿಳಿ ಗೋಡೆಯ ಸಣ್ಣ ಕೋಣೆ, ಎರಡು ಮಂಚ, ನಡುವೆ ಪರದೆ, ಕೆಳಗಿನಿಂದ ಬಿಸಿ ಬ್ರೆಡ್ಡಿನ ವಾಸನೆ. ಗೋಡೆಯ ಮೇಲೆ ಮನುಷ್ಯನ ಚಿತ್ರ, ಮೈತುಂಬ ಗೆರೆ, ಚುಕ್ಕಿ, ಚೀನೀ ಅಕ್ಷರ. ಆಕೆಗೆ ನನ್ನದೇ ವಯಸ್ಸು, ಕನ್ನಡಕ, ತಗ್ಗಿದ ದನಿ. ಆ ದೇಶದಲ್ಲೇ ಹಲವು ವರ್ಷ ಇದ್ದು ಕಲಿತು ಬಂದವರು. ಸೂಜಿಯನ್ನು ಮೊದಲ ಮುಕ್ಕಾಲು ಗಂಟೆ ಮುಟ್ಟಲೇ ಇಲ್ಲ. ಬರೀ ಪ್ರಶ್ನೆ. ಹಸಿವಾಗುತ್ತಾ, ಬಾಯಾರಿಕೆ ಇದೆಯಾ, ಪಾದ ತಣ್ಣಗಿರುತ್ತಾ, ಬೆವರು ಹೇಗೆ, ಮಲ ಹೇಗೆ, ರಕ್ತ ತೆಳುವಾಗುವ ಮಾತ್ರೆ ತಗೊಳ್ತೀರಾ, ಎದೆಯಲ್ಲಿ ಯಂತ್ರ ಏನಾದರೂ ಇಟ್ಟಿದ್ದಾರಾ. ನಾಲಿಗೆ ಚಾಚಿಸಿ ನೋಡಿದರು. ಎರಡೂ ಮಣಿಕಟ್ಟಿನ ಮೇಲೆ ಮೂರು ಮೂರು ಬೆರಳಿಟ್ಟು ನಾಡಿ ನೋಡಿದರು, ಅದೂ ಎಷ್ಟು ಹೊತ್ತು ಎನ್ನುತ್ತೀಯ, ದೂರದಲ್ಲಿ ಗಾಡಿ ಬರುತ್ತಿದೆಯೋ ಎಂದು ಹಳಿಗೆ ಕಿವಿಯಿಟ್ಟವರ ಹಾಗೆ. ಕೊನೆಗೆ ನಿದ್ದೆ ಹೇಗೆ ಎಂದರು. ಬರುವುದಿಲ್ಲ ಎಂದೆ. ಯಾಕೆ ಎಂದರು. ಐದು ವಾರದಲ್ಲಿ ನನ್ನನ್ನು ಯಾರೂ ಆ ‘ಯಾಕೆ’ ಕೇಳಿರಲಿಲ್ಲ. ನಿನ್ನ ವಿಷಯ, ಮಗುವಿನ ವಿಷಯ, ಸುಳ್ಳುಗಳು, ಎಲ್ಲ ಹೊರಬಂತು. ಅವರು ಸಮಾಧಾನ ಹೇಳಲಿಲ್ಲ. “ಮಗಳಿಗೆ ಹೇಳಿದ್ದೀರಾ?” ಎಂದರು. ಇಲ್ಲ ಎಂದೆ. ಬಾಯಾರಿಕೆ, ಬೆವರಿನ ಕೆಳಗೆ ಅದನ್ನೂ ಬರೆದುಕೊಂಡರು. “ನಿಮ್ಮ ನರ ಸರಿಹೋಗುತ್ತೆ ಅಂತ ನಾನು ಮಾತು ಕೊಡಲ್ಲ. ಆರೇಳು ಸಲ ನೋಡೋಣ. ಅದರಲ್ಲಿ ಏನೂ ಕಾಣ್ಲಿಲ್ಲ ಅಂದ್ರೆ ನಾನೇ ಬೇಡ ಅಂತೀನಿ. ಮಗಳಿಗೆ ಹೇಳೋದಕ್ಕೆ ಮಾತ್ರ ನನ್ನ ಹತ್ರ ಸೂಜಿ ಇಲ್ಲ” ಎಂದರು.

ಸೂಜಿಗಳು ಬರುವುದು ಮೊಹರು ಹಾಕಿದ ಪೊಟ್ಟಣದಲ್ಲಿ. ಒಬ್ಬರಿಗೆ ಬಳಸಿದ್ದು ಇನ್ನೊಬ್ಬರಿಗಿಲ್ಲ, ನನ್ನ ಕಣ್ಣೆದುರೇ ಹರಿದರು. ಕೂದಲಿಗಿಂತ ಸ್ವಲ್ಪ ದಪ್ಪ, ಅಷ್ಟೇ. ನಿಮ್ಮಪ್ಪನಿಗೆ ಕಸುಬಿನ ಕುತೂಹಲ. ಒಂದನ್ನು ಕೇಳಿ ಪಡೆದು ಬೆಳಕಿಗೆ ಹಿಡಿದು, “ಇದಕ್ಕೆ ಕಣ್ಣೇ ಇಲ್ಲವಲ್ಲ” ಎಂದರು. “ನಾವು ದಾರ ಹಾಕಲ್ಲ” ಎಂದರು ಅವರು. ಮೊದಲನೆಯದು ಕೈಗೆ, ಹೆಬ್ಬೆರಳು ತೋರುಬೆರಳಿನ ನಡುವಿನ ಮಾಂಸಕ್ಕೆ. ಸಣ್ಣ ಕೊಳವೆ ಇಟ್ಟು ಒಂದು ತಟ್ಟು. ಸೊಳ್ಳೆ ಕಚ್ಚಿದಷ್ಟೂ ಅನ್ನಿಸಲಿಲ್ಲ. ಆದರೆ ಸ್ವಲ್ಪ ತಿರುಗಿಸಿದಾಗ ಒಳಗೆ ಮಂದವಾದ ಭಾರ, ಜೋಮು ಹಿಡಿದ ಹಾಗೆ, ಮೊಣಕೈವರೆಗೂ. ಹಾಗೆ ಅನ್ನಿಸಿದರೆ ಹೇಳಿ, ಚುರುಕ್ ಎಂದು ಉರಿದರೂ ಹೇಳಿ, ತೆಗೆಯುತ್ತೇನೆ ಎಂದಿದ್ದರು. ಎರಡೂ ಪಾದಕ್ಕೆ ಒಂದೊಂದು, ಕಿವಿಯ ಹಿಂದೆ ಒಂದು. ಐದನೆಯದನ್ನು ಕೆನ್ನೆಗೆ ಇಡುವಾಗ ಪರದೆಯ ಪಕ್ಕದಲ್ಲಿ ದೊಪ್ಪೆಂದು ಸದ್ದಾಯಿತು. ನಲವತ್ತು ವರ್ಷ ಸೂಜಿಯಿಂದಲೇ ಸಂಸಾರ ನಡೆಸಿದ ಮನುಷ್ಯ ನೆಲದ ಮೇಲೆ. ಅವರನ್ನು ಪಕ್ಕದ ಮಂಚದಲ್ಲಿ ಮಲಗಿಸಿ, ಕಾಲಿನ ಕೆಳಗೆ ದಿಂಬಿಟ್ಟು ನೀರು ಕೊಟ್ಟು ಬಂದು, ನನ್ನ ಉಳಿದ ಸೂಜಿಗಳನ್ನು ಇಟ್ಟು ಮುಗಿಸಿದರು. “ಬಟ್ಟೆಗೆ ಚುಚ್ಚೋದು ಬೇರೆ, ಹೆಂಡ್ತಿಗೆ ಚುಚ್ಚೋದು ನೋಡೋದು ಬೇರೆ” ಎಂದು ಆ ಕಡೆಯಿಂದ ಕ್ಷೀಣವಾದ ದನಿ ಬಂತು. ನಾನು ಹನ್ನೊಂದು ಸೂಜಿ ಚುಚ್ಚಿಸಿಕೊಂಡು ಅಲುಗಾಡದೆ ಮಲಗಿ ನಕ್ಕೆ, ಐದು ವಾರದಲ್ಲಿ ಮೊದಲ ಸಲ. ಅರ್ಧ ಮುಖದಿಂದಲೇ.

ಆಮೇಲೆ ಇಪ್ಪತ್ತೈದು ನಿಮಿಷ ಸುಮ್ಮನೆ ಮಲಗಿರಬೇಕು. ಕೈಗೊಂದು ಪುಟ್ಟ ಗಂಟೆ ಕೊಟ್ಟಿರುತ್ತಾರೆ, ಬೇಕೆನಿಸಿದರೆ ಬಾರಿಸಲು. ಮೊದಲ ದಿನವೇ ನಿದ್ದೆ ಹೋದೆ. ತೆಗೆಯುವಾಗ ಗೊತ್ತೇ ಆಗುವುದಿಲ್ಲ. ಕೆನ್ನೆಯಲ್ಲಿ ಒಂದು ಕಡೆ ಹೆಸರುಕಾಳಿನಷ್ಟು ನೀಲಿ ಕಲೆಯಾಗಿತ್ತು, ಮೂರು ದಿನಕ್ಕೆ ಹೋಯಿತು. ಖಾಲಿ ಹೊಟ್ಟೆಯಲ್ಲಿ ಬರಬೇಡಿ, ಇವತ್ತು ಭಾರದ ಕೆಲಸ ಬೇಡ, ಸುಸ್ತಾಗಬಹುದು ಎಂದು ಹೇಳಿ ಕಳಿಸಿದರು. ನಿಮ್ಮಪ್ಪನಿಗೂ ಅದನ್ನೇ ಹೇಳಿದರು.

ಅಲ್ಲಿಂದ ಪ್ರತಿ ಗುರುವಾರ ನಾಡಿ ನೋಡುವಾಗಲೇ ಕೇಳುವುದು, “ನಿದ್ದೆ ಹೇಗೆ? ಮಗಳಿಗೆ ಹೇಳಿದ್ರಾ?” ನಿದ್ದೆ ಪರವಾಗಿಲ್ಲ ಎನ್ನುತ್ತಿದ್ದೆ. ಎರಡನೆಯದಕ್ಕೆ ನಾಲಿಗೆ ಚಾಚುತ್ತಿದ್ದೆ. ಮೂರನೇ ವಾರ ರೆಪ್ಪೆ ಮುಕ್ಕಾಲು ಮುಚ್ಚಿತು. ನಾಲ್ಕನೇ ವಾರ ಬಾಯಿ ಮುಕ್ಕಳಿಸಿದರೆ ನೀರು ಸೋರಲಿಲ್ಲ. ನಿಮ್ಮಪ್ಪನನ್ನು ಕರೆದು ತೋರಿಸಿದೆ, ಇನ್ನೊಮ್ಮೆ ಮಾಡು ಎಂದರು, ಅರ್ಧ ಚೊಂಬು ನೀರು ಮುಗಿಸಿದೆ. ಮಾತ್ರೆಯಿಂದ ಆಯಿತೋ, ಸೂಜಿಯಿಂದಲೋ, ಕಾಲ ಕೂಡಿ ಬಂತೋ ನನಗೆ ಗೊತ್ತಿಲ್ಲ. ಕೇಳಿದರೆ ಆಕೆಯೂ, “ನಂಗೂ ಖಾತ್ರಿಯಾಗಿ ಗೊತ್ತಿಲ್ಲಮ್ಮ” ಎಂದರು. ಅಷ್ಟು ನೇರವಾಗಿ ಹೇಳುವವರನ್ನು ನಂಬದೆ ಇರುವುದು ಹೇಗೆ? ನನ್ನ ಮುಖವನ್ನು ಅಯ್ಯೋ ಎನ್ನದೆ, ಕಣ್ಣು ತಪ್ಪಿಸದೆ, ಒಂದು ಕೆಲಸದ ಹಾಗೆ ಶ್ರದ್ಧೆಯಿಂದ ನೋಡಿದರಲ್ಲ, ಆ ಋಣ ದೊಡ್ಡದು. ಅವರು ನೋಡಿದ ಮೇಲೆ ನಾನೂ ನೋಡಿಕೊಂಡೆ. ಕನ್ನಡಿಯ ಟವೆಲ್ ಈಗ ಬಚ್ಚಲುಮನೆಯಲ್ಲಿದೆ.

ಹೋದ ಸೋಮವಾರ ಸ್ಟೇಷನ್ ಮಾಸ್ಟರು ಬೆಳಗಿನ ಒಂದೇ ಒಂದು ಗಾಡಿಗೆ ಮೈಕ್ ಕೊಟ್ಟರು. ಎರಡನೇ ಪ್ಲಾಟ್‌ಫಾರಂ ಎಂದೆ. ಪಕಾರ ಸ್ವಲ್ಪ ಮೆತ್ತಗಿತ್ತು, ಆದರೆ ಬಂತು. ಟಿಕೆಟ್ ಕಲೆಕ್ಟರ್ ಕಿಟಕಿಯಿಂದ ತಲೆ ಹಾಕಿ, “ಅಕ್ಕಾ, ಗಾಡಿ ಮೂರನೇದಕ್ಕೆ ಬರ್ತಿದೆ” ಎಂದ. ಖುಷಿಯಲ್ಲಿ ನಂಬರೇ ತಪ್ಪಿತ್ತು. ಮತ್ತೆ ಹೇಳಿದೆ. ಎರಡು ಸಲ ಹೇಳುವ ಅವಕಾಶ ಸಿಕ್ಕಿತಲ್ಲ ಎಂದು ಅದಕ್ಕೂ ಸಂತೋಷವಾಯಿತು.

ಮೊನ್ನೆ ಗುರುವಾರ ಆರನೇ ಸಲ. ಇನ್ನು ತಿಂಗಳು ಬಿಟ್ಟು ಬನ್ನಿ, ಮನೆಯಲ್ಲಿ ವ್ಯಾಯಾಮ ಮಾಡಿ ಎಂದರು. ಬಾಗಿಲವರೆಗೆ ಬಂದು ಮತ್ತೆ ಅದೇ ಪ್ರಶ್ನೆ. ಭಾನುವಾರ ಬರೆಯುತ್ತೇನೆ ಎಂದು ಮಾತು ಕೊಟ್ಟೆ. ಬರೆದಿದ್ದೇನೆ. ಕ್ಷಮಿಸು ಮಗಳೇ. ನಿನ್ನ ಕಷ್ಟದ ಹೊತ್ತಿನಲ್ಲಿ ನಿನ್ನ ತಲೆ ಸವರಲು ನಾನಿರಲಿಲ್ಲ. ಬಾಯಿ ಸೊಟ್ಟಗಾದರೆ ಕೈಗೇನಾಗಿತ್ತು ಎಂದು ನೀನು ಕೇಳಬಹುದು, ಕೇಳು.

ಮಗುವಿಗೆ ನೂರು ಮುತ್ತು, ನಿನಗೆ ಅದಕ್ಕಿಂತ ಒಂದು ಹೆಚ್ಚು. ಅಳಿಯಂದಿರಿಗೆ ಆಶೀರ್ವಾದ. ಮೂವರೂ ತಂಪಾಗಿರಿ.

ನಿನ್ನ
ಅಮ್ಮ

ತಾ.ಕ.: ಲಕೋಟೆ ಅಂಟಿಸಲು ಹೊರಟಿದ್ದೆ, ನಿಮ್ಮಪ್ಪ ಬಂದು ಮುಖ್ಯವಾದದ್ದನ್ನೇ ಬರೆದಿಲ್ಲವಲ್ಲ ಎಂದು ಬೈದರು. ಇಪ್ಪತ್ತನೇ ತಾರೀಖು ಮಂಗಳವಾರ ಸಂಜೆಯ ಗಾಡಿಗೆ ಬರುತ್ತಿದ್ದೇನೆ. ಈ ಸಲ ನಿಜವಾಗಿಯೂ ರಜೆ ಕೇಳಿದೆ, ಮೂರು ತಿಂಗಳು ಸಿಕ್ಕಿದೆ. ಕೋಪ ಇನ್ನೂ ಇಳಿಯದಿದ್ದರೆ ಇಳಿಸಬೇಡ, ಇಟ್ಟುಕೊಂಡಿರು, ಅಲ್ಲಿಗೆ ಬಂದೇ ಬೈಸಿಕೊಳ್ಳುತ್ತೇನೆ. ವಾಪಸು ಬರುವ ಟಿಕೆಟ್ ತೆಗೆದಿಲ್ಲ.