ಸ್ನೇಹಲ್‌ಳ ಬೂಟು, ನನ್ನ ಹಿಮ್ಮಡಿ

೨ ಸೆಪ್ಟೆಂಬರ್ ೨೦೦೩, ಮಂಗಳವಾರ, ರಾತ್ರಿ

ರೊಟ್ಟಿ ಬಡಿದು ಮುಗಿಸಿ ಈಗ ಕುಳಿತೆ. ಚೌತಿಯ ಕಡುಬು ಇನ್ನೂ ಉಳಿದಿವೆ. ಇವರ ಕೈಗೆ ಸಿಗದಂತೆ ಇಡಬೇಕು — ಸಕ್ಕರೆ ಕಾಯಿಲೆ, ಆದರೂ ಮೂಗು ಬೆಕ್ಕಿನದು.

ಮಗ ಸತೀಶಕುಮಾರ ಸೋಲಾಪುರದಿಂದ ಬಂದ. ಹುಮನಾಬಾದದ ಮೊಮ್ಮಗಳು ಸ್ನೇಹಲ್‌ಗೆ ಬೂಟು ತಂದಿದ್ದಾನೆ. ಹುಡುಗಿ ದಿನಾ ಬೆಳಿಗ್ಗೆ ಗ್ರೌಂಡಿನಲ್ಲಿ ಓಡುತ್ತಾಳೆ. ತಿಂಗಳ ಕೊನೆಗೆ ಬೀದರದಲ್ಲಿ ಜಿಲ್ಲೆಯ ಓಟ. ಹಳೆಯ ಕ್ಯಾನ್ವಾಸ್ ಬೂಟು ಭಾರವಂತೆ. ಹಿಮ್ಮಡಿ ತುಂಬ ಬೊಬ್ಬೆ.

ಪೆಟ್ಟಿಗೆ ಎತ್ತಿದೆ. ಬೂಟು ಅಂಗಡಿಯಲ್ಲೇ ಬಿಟ್ಟು ಬಂದನೇನೋ ಅನಿಸಿತು. ತೆರೆದರೆ ಇದೆ! ಒಣಗಿದ ಸಂಡಿಗೆಯಷ್ಟು ಹಗುರ.

"ದಿನಾ ಓಡೂದಕ್ಕಂತನ ಮಾಡ್ಯಾರ ಅವ್ವ," ಅಂದ.

"ಗಾಳಿ ಬಂದ್ರ ಇದಾ ಓಡಿ ಹೋಗ್ತದ," ಅಂದೆ.

ಸಂಜೆ ಸ್ನೇಹಲ್‌ಳ ತಾಯಿ, ನನ್ನ ಮಗಳು ವಿದ್ಯಾವತಿಯ ಫೋನು. "ಅವ್ವ, ನಾಕು ದಿನ ನೀ ಹಾಕ್ಕೊಂಡು ಮೆತ್ತಗ ಮಾಡಿ ಕಳಸು."

ಇದು ನಮ್ಮ ಮನೆಯ ರೂಢಿ. ಯಾರ ಹೊಸ ಚಪ್ಪಲಿಯಾದರೂ ಮೊದಲು ನನ್ನ ಕಾಲಿಗೆ. ನನ್ನ ಹಿಮ್ಮಡಿ ಕಲ್ಲು, ಯಾವ ತೊಗಲೂ ಅದರ ಮುಂದೆ ಸೋಲುತ್ತದೆ. ವಿದ್ಯಾವತಿಯ ಮದುವೆಯ ಚಪ್ಪಲಿಯನ್ನೂ ನಾನೇ ಮೆತ್ತಗೆ ಮಾಡಿದ್ದು. ಸ್ನೇಹಲ್‌ಳ ಅಳತೆ, ನನ್ನ ಅಳತೆ ಒಂದೇ.

೩ ಸೆಪ್ಟೆಂಬರ್, ಬುಧವಾರ

ಕೆಟ್ಟ ಕೆಲಸವಾಯಿತು. ಹೊಸ ಚಪ್ಪಲಿಗೆ ಮಾಡುವ ಹಾಗೆ ನಿನ್ನೆ ಕುಸುಬೆ ಎಣ್ಣೆ ಸವರಿ ಇಟ್ಟೆ. ಇದು ತೊಗಲಲ್ಲ, ಬಲೆಯಂಥ ಬಟ್ಟೆ. ಕುಡಿದುಬಿಟ್ಟಿದೆ. ಹಾಕಿಕೊಂಡರೆ ಒಳಗೆ ಕಾಲು ಜಾರುತ್ತದೆ, ಹೆಜ್ಜೆಗೊಮ್ಮೆ ಪಿಚಕ್ ಅನ್ನುತ್ತದೆ.

ಪಕ್ಕದ ಮನೆಯ ಗೌಹರ ನೋಡಿದಳು. ನಾವಿಬ್ಬರೂ ಬೆಳಿಗ್ಗೆ ಕೋಟೆಯ ಕಡೆ ತಿರುಗಾಡಲು ಹೋಗುವವರು.

"ಶಕುಂತಲಕ್ಕಾ, ಬೂಟೋ ಬದನಿಕಾಯೋ? ಮಸಾಲಿ ತುಂಬೂದೊಂದ ಉಳದದ ನೋಡು."

"ಬಾಯಿ ಮುಚ್ಚಿ ಅಂಟವಾಳ ತಾ."

ಇಬ್ಬರೂ ಕೂತು ತಿಕ್ಕಿದೆವು. ಮಾಳಿಗೆಯ ಮೇಲೆ ಒಣಹಾಕಿದೆ. ಎಡ ಬೂಟಿನ ಮೇಲೆ ಹಳದಿ ಕಲೆ ಉಳಿಯಿತು. ಬೀಗರಿಗೂ ನೆಂಟರಿಗೂ ಕಾಗದ ಬರೆಯುವವಳು ನಾನು. ಇದನ್ನು ಯಾರಿಗೆ ಬರೆಯಲಿ…

೫ ಸೆಪ್ಟೆಂಬರ್, ಶುಕ್ರವಾರ

ಒಣಗಿತು. ಹಾಕಿಕೊಂಡು ಹೋದೆ. ಸೀರೆ ಸ್ವಲ್ಪ ಇಳಿಸಿ ಉಟ್ಟೆ, ಯಾರಿಗೂ ಕಾಣಬಾರದು.

ಏನೆಂದು ಬರೆಯಲಿ. ಕೋಟೆಯ ಏರು ಮುಗಿದದ್ದೇ ತಿಳಿಯಲಿಲ್ಲ. ಮೊಣಕಾಲು ದಿನಾ ಅಲ್ಲಿಗೆ ಬಂದಾಗ ನನ್ನನ್ನು ಬೈಯುತ್ತಿತ್ತು, ಇಂದು ಸುಮ್ಮನಿತ್ತು. ಇಳಿಜಾರಿನಲ್ಲಿ ಕಾಲು ತಾವೇ ಮುಂದೆ ಹೋದವು. ಓಡಿದೆ… ಐವತ್ತೆಂಟರ ಹೆಂಗಸು. ಗೌಹರ ಹಿಂದಿನಿಂದ ಕೂಗಿದಳು, "ಯಾರರ ಬೆನ್ನ ಹತ್ಯಾರೇನಕ್ಕಾ? ನಾ ಹಿಂದ ನೋಡ್ತೀನಿ, ನೀ ಓಡು!"

ಹಗುರ — ಸರಿ. ಗಾಳಿ ಆಡುತ್ತದೆ — ಸರಿ. ತಳ ಮೆತ್ತಗಿದೆ, ಆದರೆ ಸಣ್ಣ ಹರಳು ಚುಚ್ಚುತ್ತದೆ. ಕೋಟೆಯ ದಾರಿಗಿಂತ ಗ್ರೌಂಡಿಗೆ ಒಳ್ಳೆಯದು. ಇದನ್ನೆಲ್ಲ ಹುಡುಗಿಗೆ ಹೇಳಬೇಕು. ಇನ್ನೆರಡು ದಿನ ಪರೀಕ್ಷೆ ಮಾಡಿ ಕಳಿಸುತ್ತೇನೆ.

೯ ಸೆಪ್ಟೆಂಬರ್, ಮಂಗಳವಾರ

ಇನ್ನೊಂದು ಗುಣ ಗೊತ್ತಾಯಿತು. ಸಪ್ಪಳವೇ ಇಲ್ಲ.

ತಿರುಗಾಟ ಮುಗಿಸಿ ಹಿತ್ತಲ ಬಾಗಿಲಿಂದ ಬಂದೆ. ಹಾಗಲಬಳ್ಳಿಯ ಹಿಂದೆ ಇವರು. ಕೈಯಲ್ಲಿ ಡಬ್ಬಿ, ಬಾಯಲ್ಲಿ ಪೇಡೆ. ನನ್ನ ಚಪ್ಪಲಿಯ ಸಪ್ಪಳ ಓಣಿಯ ತಿರುವಿನಿಂದಲೇ ಕೇಳುತ್ತಿತ್ತಂತೆ, ಇಷ್ಟು ವರ್ಷ ಅದನ್ನೇ ನಂಬಿ ತಿಂದಿದ್ದಾರೆ.

"ಏನ್ ಮಾಡಾಕತ್ತೀರಿ?"

ನುಂಗಿದರು. ನಿಧಾನವಾಗಿ ಅಂದರು, "ಹಾಗಲಕಾಯಿ ನೋಡಾಕತ್ತೀನಿ."

"ಭಾಳ ಸಿಹಿ ಕಾಣ್ತದ್ರಿ ಕಾಯಿ."

ರಾತ್ರಿ ಊಟಕ್ಕೆ ಕೂತಾಗ ಮೊದಲ ಮಾತು: "ಪಾಪ ಹುಡುಗಿ ಹಾದಿ ನೋಡ್ತಿರ್ತದ. ಆ ಬೂಟು ನಾಳೀಗೇ ಕಳಸಿಬಿಡು." ಮೊಮ್ಮಗಳ ಮೇಲೆ ಇಷ್ಟು ಪ್ರೀತಿ ಎಂದೂ ಕಂಡಿರಲಿಲ್ಲ.

೧೬ ಸೆಪ್ಟೆಂಬರ್, ಮಂಗಳವಾರ

ಕಳಿಸಲಿಲ್ಲ.

ವಿದ್ಯಾವತಿ ಫೋನು ಮಾಡಿದಳು. "ಇನ್ನೂ ಬಿರುಸದ," ಅಂದೆ. ಬೂಟು ಬೆಣ್ಣೆಯ ಹಾಗಿದೆ.

"ಅಕಿ ಹಿಮ್ಮಡಿ ಮತ್ತ ಒಡದದ ಅವ್ವ. ಅರಿವಿ ಸುತ್ತಕೊಂಡು ಓಡಾಕತ್ಯಾಳ."

ಊಟ ಸೇರಲಿಲ್ಲ. ಗೌಹರಳಿಗೆ ಹೇಳಿದೆ. ಅವಳು ನಗಲಿಲ್ಲ. "ನಿನಗ ಬೇಕಾಗ್ಯಾವ ಅಂತ ಹೇಳೂದಕ್ಕ ನಿನಗ ಬಾಯಿಲ್ಲೇನು? ಮೊದಲ ಹುಡುಗೀಗಿ ಕೊಟ್ಟು ಬಾ."

ಹೊಸದನ್ನೆಲ್ಲ ಮೆತ್ತಗೆ ಮಾಡಿ ಮಾಡಿ ಕೊಟ್ಟೆ. ನನಗೆ ಬೇಕು ಎಂದು ಇದುವರೆಗೆ ಯಾವುದನ್ನು ಕಂಡೂ ಅನಿಸಿರಲಿಲ್ಲ. ಈ ವಯಸ್ಸಿನಲ್ಲಿ, ಅದೂ ಬೂಟು ಕಂಡು…

೧೭ ಸೆಪ್ಟೆಂಬರ್, ಹುಮನಾಬಾದ

ಬೆಳಗಿನ ಬಸ್ಸಿಗೆ ಬಂದೆ. ಬೂಟು ಚೀಲದಲ್ಲಿ, ಕಾಲಲ್ಲಿ ಚಪ್ಪಲಿ.

ಸ್ನೇಹಲ್ ಹಾಕಿಕೊಂಡು ಅಂಗಳದಲ್ಲೇ ಎರಡು ಸುತ್ತು ಹಾಕಿದಳು. ನಿಂತು ಕಾಲು ನೋಡಿಕೊಂಡಳು. ನನ್ನ ಎಡ ಹೆಬ್ಬೆರಳು ಹೊರಗೆ ತಿರುಗಿದೆ, ಬೂಟಿಗೂ ಅಲ್ಲಿ ಅದೇ ಗಂಟು ಬಂದಿದೆ.

"ಅಜ್ಜಿ, ಇದರಾಗ ಮೊದಲಾ ಯಾರೋ ಕುಂತಾರ."

ವಿದ್ಯಾವತಿ ನನ್ನತ್ತ ತಿರುಗಿದಳು. "ಬಿರುಸದ ಅಂದಿ?"

"ಸುಳ್ಳು ಹೇಳ್ದೆ. ನನ್ನ ಕಾಲಿಗಿ ರುಚಿ ಹತ್ತಿತ್ತು. ಓಡಿದೆ… ದಿನಾ."

ಹುಡುಗಿ ನಕ್ಕದ್ದು ನಕ್ಕದ್ದೇ. "ಸೀರಿ ಉಟ್ಕೊಂಡು? ಅಜ್ಜಿ, ಕಚ್ಚಿ ಹಾಕಿದ್ರ ಇನ್ನೂ ಜೋರ್ ಓಡ್ತಿದ್ದಿ."

ಗಂಟಿದ್ದಲ್ಲಿ ಹತ್ತಿ ತುಂಬಿಕೊಂಡಳು. ಹಿಮ್ಮಡಿ ನೋಯುವುದಿಲ್ಲವಂತೆ. ಅಷ್ಟು ಸಾಕು. "ಈ ಕಲೆ ಏನು?" ಅಂದಳು. ಕೇಳಿಸದವಳಂತೆ ನೀರು ಕುಡಿದೆ.

೨೩ ಸೆಪ್ಟೆಂಬರ್

ಚಪ್ಪಲಿಯಲ್ಲಿ ಕೋಟೆಯ ಏರು. ಮೊಣಕಾಲು ಮತ್ತೆ ಬೈಯಿತು. ಇವರು ಬಹಳ ಖುಷಿಯಾಗಿದ್ದಾರೆ.

೩೦ ಸೆಪ್ಟೆಂಬರ್

ಬೀದರದಲ್ಲಿ ಸ್ನೇಹಲ್ ನಾಲ್ಕನೆಯವಳು. ಬೊಬ್ಬೆ ಬರಲಿಲ್ಲ. ಫೋನಿನಲ್ಲಿ ಅಂದಳು, "ಮೂರನೇದಕಿ ಬಾಜೂಕ ಇದ್ದೆ ಅಜ್ಜಿ. ನಿನ್ನ ಹೆಬ್ಬಟ್ಟ ಹಿಂದ ಎಳೀತು."

೮ ಅಕ್ಟೋಬರ್, ಬುಧವಾರ, ಸಂಜೆ

ದಸರೆಗೆ ಹುಮನಾಬಾದಕ್ಕೆ ಹೋಗಿದ್ದ ಸತೀಶಕುಮಾರ ಇಂದು ಬಂದ. ಕೈಯಲ್ಲಿ ಪೆಟ್ಟಿಗೆ. ಸ್ನೇಹಲ್ ತನ್ನ ಹಳೆಯದನ್ನು ಕೊಟ್ಟು ಕಳಿಸಿದ್ದಾಳೆ ಅಂದುಕೊಂಡೆ. ತೆರೆದರೆ ಕಲೆಯಿಲ್ಲ, ಗಂಟಿಲ್ಲ. ಹೊಸದು. ಆದರೆ ತಳದಲ್ಲಿ ಗ್ರೌಂಡಿನ ಕೆಂಪು ಮಣ್ಣು.

"ಅಕಿ ಹಟ ಹಿಡದು ನನ್ನ ಕಡಿಂದ ತರಸ್ಯಾಳ, ನಿನಗಂತ," ಅಂದ. "ಅದನ್ನ ನಾಕು ದಿನ ತಾನಾ ಹಾಕ್ಕೊಂಡು ಓಡಿ ಮೆತ್ತಗ ಮಾಡ್ಯಾಳ. ಎಣ್ಣಿ ಹಚ್ಚಬ್ಯಾಡಂತ ಹೇಳ್ಯಾಳ."

ಎಣ್ಣೆಯ ಸುದ್ದಿ ಅವಳಿಗೆ ಹೇಗೆ ತಿಳಿಯಿತು? ಗೌಹರ, ಅಲ್ಲದೆ ಮತ್ತಾರು.

ಎಲ್ಲರ ಚಪ್ಪಲಿಯನ್ನೂ ಮೆತ್ತಗೆ ಮಾಡಿದವಳು ನಾನು. ನನ್ನದನ್ನು ಯಾರೂ… ಇರಲಿ. ಹಾಕಿಕೊಂಡಿದ್ದೇನೆ. ಎಲ್ಲಿಯೂ ಕಚ್ಚುವುದಿಲ್ಲ. ಹಿತ್ತಲ ಕಟ್ಟೆಯ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ಬೂಟು ಬಂದ ಸುದ್ದಿ ಇವರಿಗೆ ಇನ್ನೂ ಗೊತ್ತಿಲ್ಲ.

ಹಾಗಲಬಳ್ಳಿಯ ಆಚೆ ಡಬ್ಬಿಯ ಮುಚ್ಚಳ ತೆರೆದ ಸಪ್ಪಳ. ಲೇಸು ಬಿಗಿಯಾಗಿಯೇ ಇದೆ. ಮೆಲ್ಲಗೆ ಎದ್ದು —